ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳ್ತಿದೆಯಾ? ಹಳೆ ಎಂಪಿಎಫ್‌ಐ ಓಮ್ನಿಯಲ್ಲಿ ಹುಡುಕುವ ದಾರಿ

ನಾನು ಸೆಕೆಂಡ್ ಹ್ಯಾಂಡ್ ಎಂಪಿಎಫ್‌ಐ ಓಮ್ನಿ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ ಮಾರುತಿ ಸುಜುಕಿ ವ್ಯಾನ್, ತಗೊಂಡಾಗ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಬಿಳಿ ಸ್ವಿಚ್ ಇತ್ತು. ಮನೆ ಗೋಡೆಗೆ ಹಾಕ್ತೀವಲ್ಲ, ಅದೇ ಸ್ವಿಚ್. "ಘಾಟಿ ಬಂದಾಗ ಇದನ್ನ ಆನ್ ಮಾಡ್ಕೊಳ್ಳಿ ಸಾರ್, ಫ್ಯಾನ್ ಓಡುತ್ತೆ" ಅಂದರು ಮಾರಿದವರು. ನಾನೂ ತಲೆಯಾಡಿಸಿ ತಗೊಂಡು ಬಂದೆ. ಮೈಲೇಜ್ ಹನ್ನೊಂದು ದಾಟುತ್ತಿರಲಿಲ್ಲ. ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಮುಂದಿನ ಸೀಟು ಎತ್ತಿ ಕೂತೆ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೇ ಇರುತ್ತದಲ್ಲ. ಟೆಂಪರೇಚರ್ ಸೆನ್ಸರ್‌ಗೆ ಹೋಗುವ ವೈರ್ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ಗಂಟು ಕಾಣಿಸಿತು. ಬಿಸಿಗೆ ಅಂಟು ಕರಗಿ ಬೆರಳಿಗೆ ಬೆಲ್ಲದ ಪಾಕದ ಥರ ಹತ್ತಿಕೊಳ್ಳುತ್ತಿತ್ತು. ಬಿಚ್ಚಿದರೆ ಒಳಗೆ ಒಂದು ಪುಟ್ಟ ರೆಸಿಸ್ಟರ್, ಕರೆಂಟಿಗೆ ತಡೆ ಒಡ್ಡುವ ಚೂರು. ಅದರ ಮೇಲಿನ ಬಣ್ಣದ ಪಟ್ಟಿಗಳು ಕಿತ್ತಳೆ, ಕಿತ್ತಳೆ, ಕಂದು. ಅಂದರೆ 330 ಓಮ್ (ಓಮ್ ಅನ್ನೋದು ಆ ತಡೆಯ ಅಳತೆ). ಯಾರೋ ಸೆನ್ಸರ್ ರೀಡಿಂಗನ್ನು "ಅಡ್ಜಸ್ಟ್" ಮಾಡಿದ್ದರು.

ಆ ಒಂದು ರೂಪಾಯಿಯ ರೆಸಿಸ್ಟರ್‌ಗೂ ಆ ಬಿಳಿ ಸ್ವಿಚ್‌ಗೂ ಇರುವ ಸಂಬಂಧ ನನಗೆ ಅರ್ಥ ಆಗೋಕೆ ಒಂದು ವಾರ ಬೇಕಾಯಿತು. ಅದನ್ನು ಕೊನೆಯಲ್ಲಿ ಹೇಳ್ತೀನಿ. ಮೊದಲು ನಿಮ್ಮ ಗಾಡಿಯಲ್ಲಿ ಸುಳ್ಳು ಹೇಳ್ತಿರೋದು ಯಾರು ಅಂತ ನೋಡೋಣ. ಮೀಟರ್ ಇರಬಹುದು, ಸೆನ್ಸರ್ ಇರಬಹುದು, ವೈರ್ ಇರಬಹುದು. ಎಷ್ಟೋ ಸಲ ಯಾರೂ ಸುಳ್ಳು ಹೇಳ್ತಿರೋದಿಲ್ಲ, ಎಂಜಿನ್ ನಿಜವಾಗಿಯೂ ಜಾಸ್ತಿ ಬಿಸಿ ಅಥವಾ ಜಾಸ್ತಿ ತಣ್ಣಗೆ ಇರುತ್ತದೆ.

ಕೈ ಹಾಕುವ ಮುಂಚೆ

ಬಿಸಿ ಎಂಜಿನ್‌ನಲ್ಲಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಅಷ್ಟೂ ಒಟ್ಟಿಗೆ ಕುದ್ದು ಮುಖಕ್ಕೆ ಬರುತ್ತದೆ. ಬಟ್ಟೆ ಹಿಡಿದುಕೊಂಡು ತೆಗೀತೀನಿ ಅನ್ನೋದು ಧೈರ್ಯ ಅಲ್ಲ. ಮೇಲಿನ ಹೋಸ್ ಒತ್ತಿದರೆ ಮೆತ್ತಗಿರಬೇಕು, ಕೈಗೆ ಬಿಸಿ ತಾಗಬಾರದು. ಆಮೇಲೆ ತೆಗೆಯಿರಿ.

ಎಲೆಕ್ಟ್ರಿಕ್ ಫ್ಯಾನ್ ತನಗೆ ಬೇಕಾದಾಗ ತಿರುಗುತ್ತದೆ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪಂಚೆ, ಶಾಲು, ಉದ್ದ ತೋಳಿನ ಅಂಗಿ ಬೇಡ. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ, ಆ ಹೊಗೆ ವಾಸನೆ ಗೊತ್ತಾಗುವ ಮೊದಲೇ ತಲೆ ತಿರುಗಿಸುತ್ತದೆ. ಕೂಲೆಂಟ್, ಅಂದರೆ ರೇಡಿಯೇಟರ್ ನೀರಿಗೆ ಬೆರೆಸುವ ದ್ರವ, ಸಿಹಿಯಾಗಿರುವ ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ ಬಂದು ನೆಕ್ಕುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಸಾಮಾನು ಜಾಸ್ತಿ ಬೇಡ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದು ಸಾಕು. ಗಾಡಿಗೆ ಸ್ಕ್ಯಾನರ್ ಹಾಕುವ ಕನೆಕ್ಟರ್ ಇದ್ದು, ಗಾಡಿಯ ಕಂಪ್ಯೂಟರ್ ಲೆಕ್ಕವನ್ನು ಬ್ಲೂಟೂತ್‌ನಲ್ಲಿ ಫೋನ್‌ಗೆ ತೋರಿಸುವ ಅಗ್ಗದ ಸ್ಕ್ಯಾನರ್ ಸಿಕ್ಕಿದರೆ ಕೆಲಸ ಅರ್ಧ ಆಯಿತು. ಆದರೆ ಹಳೆ ಮಾಡೆಲ್‌ಗಳಲ್ಲಿ ಕೆಲವಕ್ಕೆ ಈ ಅಗ್ಗದ ಸ್ಕ್ಯಾನರ್ ಕನೆಕ್ಟೇ ಆಗಲ್ಲ, ಅದಕ್ಕೆ ಗಾಡಿ ಕೆಟ್ಟಿದೆ ಅಂದುಕೊಳ್ಳಬೇಡಿ.

ಇನ್ನೊಂದು ಮಾತು. ಈ ಹಳೆ ಎಂಪಿಎಫ್‌ಐ ಗಾಡಿಗಳಲ್ಲಿ ಸಾಮಾನ್ಯವಾಗಿ ಟೆಂಪರೇಚರ್ ನೋಡುವವರು ಇಬ್ಬರು. ಒಂದೇ ವೈರ್ ಇರುವುದು ಡ್ಯಾಶ್‌ಬೋರ್ಡಿನ ಮುಳ್ಳಿಗೆ ಹೋಗುತ್ತದೆ. ಎರಡು ವೈರ್ ಇರುವುದು ಇಸಿಎಂಗೆ, ಅಂದರೆ ಪೆಟ್ರೋಲ್ ಎಷ್ಟು ಹಾಕಬೇಕು ಅಂತ ಲೆಕ್ಕ ಮಾಡುವ ಡಬ್ಬಕ್ಕೆ ಹೋಗುತ್ತದೆ. ಕೆಲವು ಗಾಡಿಯಲ್ಲಿ ಎರಡೂ ಸೇರಿ ಮೂರು ಪಿನ್ನಿನ ಒಂದೇ ಸೆನ್ಸರ್ ಇರುತ್ತದೆ. ಮುಳ್ಳು ಸರಿ ಇದೆ ಅಂದ ಮಾತ್ರಕ್ಕೆ ಇಸಿಎಂಗೆ ಹೋಗುವ ಲೆಕ್ಕ ಸರಿ ಇದೆ ಅಂತಲ್ಲ. ಮುಳ್ಳು ಕೆಟ್ಟರೆ ಮೈಲೇಜ್ ಬೀಳುವುದೂ ಇಲ್ಲ. ಈ ಎರಡನ್ನೂ ಗೊಂದಲ ಮಾಡಿಕೊಂಡು ಬೇರೆ ಸೆನ್ಸರ್ ತಂದು ಹಾಕಿ ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ, ನನ್ನನ್ನೂ ಸೇರಿಸಿ.

ಮುಳ್ಳು ಕುಣೀತಿದೆ, ಗಾಡಿ ಮಾತ್ರ ಚೆನ್ನಾಗಿ ಓಡ್ತಿದೆ

ರಾತ್ರಿ ಹೆಡ್‌ಲೈಟ್ ಹಾಕಿ ನೋಡಿ. ಲೈಟ್ ಹಾಕಿದ ತಕ್ಷಣ ಟೆಂಪರೇಚರ್ ಮುಳ್ಳು ಜಾಗ ಬದಲಾಯಿಸಿದರೆ ಅದು ಎಂಜಿನ್ ಬಿಸಿಯಲ್ಲ, ಅರ್ಥಿಂಗ್ ತೊಂದರೆ. ನೀರು ಅರ್ಧ ಸೆಕೆಂಡಿನಲ್ಲಿ ಹತ್ತು ಡಿಗ್ರಿ ಏರೋಕೆ ಆಗಲ್ಲ ಅಲ್ವಾ. ಅದೇ ಹೊತ್ತಿಗೆ ಪೆಟ್ರೋಲ್ ಮುಳ್ಳೂ ಅಲುಗಿದರೆ ಮೀಟರ್ ಬೋರ್ಡಿನ ಹಿಂದಿನ ಕನೆಕ್ಟರ್ ಅಥವಾ ಅದರ ಅರ್ಥ್ ವೈರ್ ನೋಡಿ.

ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ಹೋಗುವ ವೈರ್, ಎಂಜಿನ್‌ನಿಂದ ಬಾಡಿಗೆ ಬರುವ ವೈರ್, ಎರಡನ್ನೂ ಬಿಚ್ಚಿ, ತುಕ್ಕನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಬಿಗಿಯಾಗಿ ಕಟ್ಟಿ. ಒಂದು ರೂಪಾಯಿ ಖರ್ಚಿಲ್ಲ. ಕರಾವಳಿ ಕಡೆ ಓಡಿದ ಗಾಡಿಯಾದರೆ ಇದನ್ನೇ ಮೊದಲು ಮಾಡಿ. ಆಮೇಲೆ ಎಂಜಿನ್ ಓಡುವಾಗ ಲೈಟ್ ಹಾಕಿ, ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಲೋಹಕ್ಕೆ ಇಟ್ಟು ವೋಲ್ಟ್ ನೋಡಿ. 0.1ಕ್ಕಿಂತ ಜಾಸ್ತಿ ಬಂದರೆ ಇನ್ನೂ ಎಲ್ಲೋ ತುಕ್ಕು ಉಳಿದಿದೆ.

ಒಂಟಿ ವೈರಿನ ಸೆನ್ಸರ್ ತನ್ನ ಅರ್ಥನ್ನು ಚೂಡಿಯ (ಸ್ಕ್ರೂ ಸುತ್ತಿನ) ಮೂಲಕ ಎಂಜಿನ್‌ನಿಂದಲೇ ತಗೊಳ್ಳುತ್ತದೆ. ಸೋರಬಾರದು ಅಂತ ಪ್ಲಂಬರ್ ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ನಾಲ್ಕು ಸುತ್ತು ಸುತ್ತಿ ಹಾಕಿದರೆ ಆ ಅರ್ಥ್ ಕಡಿಮೆಯಾಗಿ ಮುಳ್ಳು ಯಾವಾಗಲೂ ತಣ್ಣಗೆ ತೋರಿಸಬಹುದು. ಇದು ಕೆಟ್ಟ ಸುಳ್ಳು, ಏಕೆಂದರೆ ನೀವು ನಿಶ್ಚಿಂತೆಯಿಂದ ಘಾಟಿ ಹತ್ತುತ್ತಿರುತ್ತೀರಿ.

ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಒಮ್ಮೆ ಬಿಸಿಯಾದರೆ ಏನೂ ತೊಂದರೆ ಇಲ್ಲ

ಇದಕ್ಕೆ ಮೊದಲು ಬ್ಯಾಟರಿ, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ನೋಡಿ. ಸೆನ್ಸರ್ ಕೊನೆಗೆ. ಸೆಲ್ಫ್ ನಿಧಾನಕ್ಕೆ ತಿರುಗುತ್ತಿದ್ದರೆ ಸೆನ್ಸರ್ ಹತ್ತಿರ ಹೋಗಲೇಬೇಡಿ, ಅದು ಬ್ಯಾಟರಿ ಕಥೆ.

ಇವೆಲ್ಲ ಸರಿ ಇದ್ದರೆ, ತಣ್ಣಗಿರುವ ಎಂಜಿನ್ ಬಿಸಿಯಾಗಿದೆ ಅಂತ ಇಸಿಎಂಗೆ ಯಾರೋ ಹೇಳ್ತಿದ್ದಾರೆ. ತಣ್ಣಗಿರುವಾಗ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು, ಹಳೆ ಕಾರ್ಬುರೇಟರ್ ಗಾಡಿಯಲ್ಲಿ ಚೋಕ್ ಎಳೀತಿದ್ವಲ್ಲ ಹಾಗೆ. ಸೆನ್ಸರ್ "ಬಿಸಿ ಇದೆ" ಅಂದರೆ ಇಸಿಎಂ ಚೋಕ್ ಕೊಡುವುದಿಲ್ಲ. ನೀವು ಸೆಲ್ಫ್ ಹೊಡೆಯುತ್ತಲೇ ಇರುತ್ತೀರಿ.

ಸ್ಕ್ಯಾನರ್ ಇದ್ದರೆ ಸುಲಭ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಕೂಲೆಂಟ್ ಟೆಂಪರೇಚರ್ ಓದಿ. ಹೊರಗಿನ ಹವೆ ಎಷ್ಟಿದೆಯೋ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಡಿಸೆಂಬರ್ ಬೆಳಿಗ್ಗೆ ನಮ್ಮ ಹಾಸನದಲ್ಲಿ ನಡುಗ್ತಾ ನಿಂತಿರುವಾಗ ಸ್ಕ್ಯಾನರ್ 45 ಅಂತ ತೋರಿಸಿದರೆ ಕಳ್ಳ ಸಿಕ್ಕ ಹಾಗೆ.

ಸ್ಕ್ಯಾನರ್ ಇಲ್ಲದಿದ್ದರೆ ಕನೆಕ್ಟರ್ ಬಿಚ್ಚಿ ಸೆನ್ಸರ್‌ನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಈ ಸೆನ್ಸರ್ ಒಳಗಿರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗುವ ಒಂದು ಚೂರು, ಅಷ್ಟೇ. ಸುಜುಕಿ ಗಾಡಿಗಳಲ್ಲಿ ಬರುವ ಸೆನ್ಸರ್‌ಗೆ ಲೆಕ್ಕ ಸುಮಾರು ಹೀಗೆ:

20 ಡಿಗ್ರಿ: 2.2ರಿಂದ 2.7 ಕಿಲೋ ಓಮ್
40 ಡಿಗ್ರಿ: 1.1ರಿಂದ 1.2 ಕಿಲೋ ಓಮ್
60 ಡಿಗ್ರಿ: ಸುಮಾರು 590 ಓಮ್
80 ಡಿಗ್ರಿ: 300ರಿಂದ 340 ಓಮ್
100 ಡಿಗ್ರಿ: ಸುಮಾರು 185 ಓಮ್

ತಣ್ಣಗಿರುವಾಗಲೇ 600, 700 ಓಮ್ ತೋರಿಸಿದರೆ ಸೆನ್ಸರ್ ಹೋಗಿದೆ, ಹೊಸದು ಹಾಕಿ. ಓಮ್ ಸರಿ ಇದೆ, ಆದರೂ ಇಸಿಎಂ ಬಿಸಿ ಅಂತಲೇ ಓದುತ್ತಿದೆ ಅಂದರೆ ಎರಡು ವೈರ್ ಎಲ್ಲೋ ಒಂದಕ್ಕೊಂದು ತಾಗಿದೆ ಅಥವಾ ಕನೆಕ್ಟರ್ ಒಳಗೆ ನೀರು ಸೇರಿದೆ. ಗಾಡಿ ತೊಳೆಸಿದ ಮಾರನೇ ದಿನ ಶುರುವಾದ ತೊಂದರೆ ಬಹುತೇಕ ಇದೇ.

ಮೈಲೇಜ್ ಬಿತ್ತು, ಹೊಗೆ ಕಪ್ಪು, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತದೆ

ಇದು ಮೇಲಿನದರ ಉಲ್ಟಾ. ಎಂಜಿನ್ ಬಿಸಿ ಇದ್ದರೂ ಇಸಿಎಂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರೀತಿದೆ. ಐಡಲ್, ಅಂದರೆ ನಿಂತಲ್ಲೇ ಎಂಜಿನ್ ಓಡುವ ವೇಗ, ಜೋರಾಗಿಯೇ ಉಳಿಯುತ್ತದೆ, ಪ್ಲಗ್ ತೆಗೆದರೆ ತುದಿ ಮಸಿ ಹಿಡಿದಿರುತ್ತದೆ. ತುಂಬ ದಿನ ಹೀಗೇ ಬಿಟ್ಟರೆ ಹೆಚ್ಚಾದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿದು ಆಯಿಲ್ ನೀರಾಗುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಸೆನ್ಸರ್ ಸರಿ ಮಾಡಿದ ಮೇಲೆ ಆಯಿಲನ್ನೂ ಬದಲಾಯಿಸಿ.

ಆದರೆ ಸೆನ್ಸರ್ ಮೇಲೆ ಆರೋಪ ಹೊರಿಸುವ ಮೊದಲು ಒಂದು ಪ್ರಶ್ನೆ. ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಇದೆಯಾ?

ನಮ್ಮ ಕಡೆ ಇದೊಂದು ರೂಢಿ. ಗಾಡಿ ಒಮ್ಮೆ ಬಿಸಿಯಾಯಿತು ಅಂದರೆ ಮೊದಲು ವಾಲ್ವ್ ಕಿತ್ತು ಎಸೆಯುವುದು. "ನಮ್ಮ ಊರಿನ ಬಿಸಿಲಿಗೆ ಅದು ಬೇಡ ಸಾರ್" ಅಂತಾರೆ. ಬಿಸಿಲಿಗೂ ಅದಕ್ಕೂ ಸಂಬಂಧ ಇಲ್ಲ. ಎಂಜಿನ್ ಬೇಗ ಕೆಲಸದ ಬಿಸಿಗೆ ಬರಲಿ, ಅಲ್ಲೇ ನಿಲ್ಲಲಿ ಅಂತ ಆ ವಾಲ್ವ್ ಇರುವುದು. ಅದು ಇಲ್ಲದ ಗಾಡಿ ಬೆಳಿಗ್ಗೆ ಹೈವೇಯಲ್ಲಿ 60ರಲ್ಲಿ ಹೋಗ್ತಿದ್ದರೆ ನೀರು 80 ಡಿಗ್ರಿಗೆ ಬರುವುದೇ ಇಲ್ಲ. ಕಾರ್ಬುರೇಟರ್ ಕಾಲದಲ್ಲಿ ಇದು ಅಷ್ಟಾಗಿ ಗೊತ್ತಾಗ್ತಿರಲಿಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ನಿಜವನ್ನೇ ಹೇಳುತ್ತದೆ, "ಇನ್ನೂ ತಣ್ಣಗಿದೆ" ಅಂತ. ಇಸಿಎಂ ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಹಾಕುತ್ತದೆ. ಆಗ ಸೆನ್ಸರ್ ಬದಲಾಯಿಸಿದರೆ ಹೊಸ ಸೆನ್ಸರೂ ಅದನ್ನೇ ಹೇಳುತ್ತದೆ.

ಪರೀಕ್ಷೆ ಸುಲಭ. ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿ, ಫ್ಯಾನ್, ಬೆಲ್ಟುಗಳಿಂದ ದೂರ ಇದ್ದುಕೊಂಡು ರೇಡಿಯೇಟರ್‌ನ ಮೇಲಿನ ಹೋಸನ್ನು ಆಗಾಗ ಮುಟ್ಟಿ. ವಾಲ್ವ್ ಇದ್ದರೆ ಎಷ್ಟೋ ಹೊತ್ತು ತಣ್ಣಗೇ ಇದ್ದು, ಒಮ್ಮೆಲೇ ಬಿಸಿ ಬರುತ್ತದೆ. ಮೊದಲ ನಿಮಿಷದಿಂದಲೇ ಮೆಲ್ಲಗೆ ಉಗುರು ಬೆಚ್ಚಗೆ ಆಗ್ತಾ ಹೋದರೆ ವಾಲ್ವ್ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ತೆಗೆದು ನೋಡಿದರೆ ಯಾವ ಡಿಗ್ರಿಗೆ ತೆರೆಯಬೇಕು ಅಂತ ವಾಲ್ವ್ ಮೇಲೆಯೇ ಸಾಮಾನ್ಯವಾಗಿ ಒತ್ತಿರುತ್ತಾರೆ. ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿದರೆ ತೆರೆಯುವುದು ಕಣ್ಣಿಗೇ ಕಾಣುತ್ತದೆ.

ವಾಲ್ವ್ ಸರಿ ಇದ್ದು, ಹೋಸ್ ಕೈ ಸುಡುವಷ್ಟು ಬಿಸಿಯಾದಾಗಲೂ ಸ್ಕ್ಯಾನರ್ 50, 55 ಅಂತಿದ್ದರೆ ಆಗ ಸೆನ್ಸರ್, ಕನೆಕ್ಟರ್, ಅಥವಾ ಟೇಪ್ ಸುತ್ತಿದ ಗಂಟು. ಕನೆಕ್ಟರ್ ಪಿನ್ ಹಸಿರು ಬಂದಿದ್ದರೆ ಅದೇ ಒಂದು ರೆಸಿಸ್ಟರ್ ಥರ ಕೆಲಸ ಮಾಡುತ್ತದೆ.

ರೇಡಿಯೇಟರ್‌ಗೆ ಬರೀ ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದರೆ ಸೆನ್ಸರ್ ಬಿಚ್ಚಿ ಮೂತಿ ನೋಡಿ. ಸ್ನಾನದ ಹಂಡೆ ಒಳಗೆ ಕಟ್ಟುವ ಬಿಳಿ ಪದರವೇ ಇಲ್ಲೂ ಕಟ್ಟಿರುತ್ತದೆ. ಆಗ ಸೆನ್ಸರ್ ಸುಳ್ಳು ಹೇಳುವುದಿಲ್ಲ, ತಡವಾಗಿ ಹೇಳುತ್ತದೆ.

ಗ್ಯಾಸ್ ಕಿಟ್ ಇರುವ ಓಮ್ನಿ ಗ್ಯಾಸ್‌ಗೆ ತಿರುಗುವುದೇ ಇಲ್ಲ

ಗ್ಯಾಸ್ ಒತ್ತಡ ಇಳಿಸುವ ಎಲ್‌ಪಿಜಿ ರೆಡ್ಯೂಸರ್‌ಗೆ ಎಂಜಿನ್‌ನ ಬಿಸಿ ನೀರೇ ಹೋಗುತ್ತದೆ, ಇಲ್ಲದಿದ್ದರೆ ಗ್ಯಾಸ್ ಹಿಗ್ಗುವಾಗ ಅದು ಮಂಜುಗಟ್ಟುತ್ತದೆ. ಸೀಕ್ವೆನ್ಶಿಯಲ್ (ಒಂದೊಂದು ಸಿಲಿಂಡರ್‌ಗೂ ಬೇರೆಯಾಗಿ ಗ್ಯಾಸ್ ಹಾಕುವ) ಕಿಟ್‌ಗಳಲ್ಲಿ ರೆಡ್ಯೂಸರ್ ಮೇಲೆ ಅದರದೇ ಟೆಂಪರೇಚರ್ ಸೆನ್ಸರ್ ಇರುತ್ತದೆ. ಕೂಲೆಂಟ್ ಕಡಿಮೆಯಾದರೆ ಅಥವಾ ಗಾಳಿ ಸೇರಿದರೆ ರೆಡ್ಯೂಸರ್ ಬಿಸಿಯೇ ಆಗಲ್ಲ, ಗಾಡಿ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಕೂಲೆಂಟ್ ಮಟ್ಟ ನೋಡಿ, ಅಷ್ಟೇ ನಿಮ್ಮ ಕೆಲಸ. ಗ್ಯಾಸ್ ಪೈಪು, ರೆಡ್ಯೂಸರ್ ಬಿಚ್ಚುವುದು ಕಿಟ್ ಗೊತ್ತಿರುವವರಿಗೆ ಬಿಡಿ.

ಕೀ ಆನ್ ಮಾಡಿದ ಕೂಡಲೇ ಫ್ಯಾನ್ ಓಡುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತಿದೆ

ಒಳ್ಳೆ ಸುದ್ದಿ. ಇದು ಹುಡುಕೋಕೆ ಸುಲಭ. ಸೆನ್ಸರ್ ವೈರ್ ಕಡಿದು ಹೋದಾಗ ಸುಜುಕಿ ಇಸಿಎಂ "ನನಗೆ ಕಾಣ್ತಿಲ್ಲ, 80 ಡಿಗ್ರಿ ಇದೆ ಅಂದುಕೊಳ್ತೀನಿ, ಯಾವುದಕ್ಕೂ ಇರಲಿ ಅಂತ ಫ್ಯಾನ್ ಓಡಿಸ್ತೀನಿ" ಅನ್ನೋ ಥರ ನಡೆದುಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ ಪಿ0118 ಕೋಡ್ ಬಂದರೆ ವೈರ್ ಕಡಿದಿದೆ ಅಥವಾ ಕನೆಕ್ಟರ್ ಬಿಟ್ಟಿದೆ, ಪಿ0117 ಬಂದರೆ ಎಲ್ಲೋ ಶಾರ್ಟ್ ಆಗಿದೆ ಅಂತ ಲೆಕ್ಕ.

ಇಲ್ಲಿ ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ಸ್ಕ್ಯಾನರ್ ನೋಡ್ತಾ ಸೆನ್ಸರ್ ಕನೆಕ್ಟರ್ ಬಿಚ್ಚಿ. ರೀಡಿಂಗ್ ಮೈನಸ್ 40 ಡಿಗ್ರಿ ಹತ್ತಿರ ಬರಬೇಕು. ಈಗ ಆ ಕನೆಕ್ಟರ್‌ನ ಎರಡು ತುದಿಯನ್ನು ಒಂದು ತುಂಡು ವೈರ್‌ನಿಂದ ಸೇರಿಸಿ. ರೀಡಿಂಗ್ 120ರ ಆಚೆ ಹಾರಬೇಕು. ಎರಡೂ ಆದರೆ ವೈರಿಂಗ್ ಸರಿ, ಇಸಿಎಂ ಸರಿ, ಸೆನ್ಸರ್ ಬದಲಾಯಿಸಿ. ಆಗದಿದ್ದರೆ ಸೆನ್ಸರ್ ಕೊಳ್ಳಬೇಡಿ, ವೈರ್ ಹಿಡಿದು ಹುಡುಕುತ್ತಾ ಹೋಗಿ. ಕೆಲವು ಗಾಡಿಯಲ್ಲಿ ಫೇಲ್ ಆದಾಗ ಇಸಿಎಂ ತನ್ನ ಊಹೆಯ ಡಿಗ್ರಿಯನ್ನೇ ತೋರಿಸಿಬಿಡುತ್ತದೆ, ಆಗ ಈ ಆಟ ನಡೆಯೋದಿಲ್ಲ. ಹಾಗಿದ್ದರೆ ಕೀ ಆನ್ ಇಟ್ಟು ಬಿಚ್ಚಿದ ಕನೆಕ್ಟರ್‌ನಲ್ಲಿ ವೋಲ್ಟ್ ಅಳೆಯಿರಿ. 5 ವೋಲ್ಟ್ ಆಸುಪಾಸು ಸಿಗಬೇಕು.

ಈ ವೈರ್‌ಗೆ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಹಾಕಬೇಡಿ. 12 ವೋಲ್ಟ್ ವೈರ್ ತಾಗಿಸಲೇಬೇಡಿ. ಸೆನ್ಸರ್ ಕೆಲವು ನೂರು ರೂಪಾಯಿಯ ವಸ್ತು, ಇಸಿಎಂ ಹಾಗಲ್ಲ.

ವೈರ್ ಎಲ್ಲಿ ಕಡಿದಿದೆ ಅಂತ ಹುಡುಕುವಾಗ ಮೊದಲು ಇಲಿಯನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಮೇಲೆ ಬಂದು ಮಲಗಿ, ಹೊತ್ತು ಹೋಗಲಿ ಅಂತ ವೈರ್ ಕಡಿಯುತ್ತದೆ. ಸೀಟಿನ ಕೆಳಗೆ ಹಿಕ್ಕೆ, ಹತ್ತಿ ಚೂರು ಕಂಡರೆ ಉತ್ತರ ಸಿಕ್ಕಿತು. ಬರೀ ತಿರುಚಿ ಟೇಪ್ ಸುತ್ತಬೇಡಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಆ ಜಾಗದ ಬಿಸಿಗೆ ಟೇಪ್ ಒಂದು ಬೇಸಿಗೆ ತಡೆಯುವುದಿಲ್ಲ.

ಸೆನ್ಸರನ್ನು ಅಡುಗೆಮನೆಯಲ್ಲಿ ಪರೀಕ್ಷೆ ಮಾಡುವುದು

ಬಿಚ್ಚಿದ ಸೆನ್ಸರ್ ಮೂತಿಯನ್ನಷ್ಟೇ ನೀರಲ್ಲಿ ಮುಳುಗಿಸಿ, ಪಾತ್ರೆಯ ತಳ ಮುಟ್ಟದ ಹಾಗೆ ಹಿಡಿದು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸುತ್ತಾ ಓಮ್ ಬರೆದುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಅಲ್ಲ, ಅಡುಗೆಗೆ ಬಳಸುವ ಉದ್ದ ಕಡ್ಡಿಯದ್ದು. ಪಾತ್ರೆಯೂ ಹಳೆಯದು ಇರಲಿ, ಕೂಲೆಂಟ್ ಮೆತ್ತಿದ ಸೆನ್ಸರ್ ಅದ್ದಿದ ಪಾತ್ರೆಯಲ್ಲಿ ಆಮೇಲೆ ಹಾಲು ಕಾಯಿಸುವ ಹಾಗಿಲ್ಲ.

ಒಂದು ಸಣ್ಣ ವಿಷಯ. ಕುದಿಯುವ ನೀರು ಅಂದರೆ 100 ಡಿಗ್ರಿ ಅಂತ ಲೆಕ್ಕ ಹಾಕಬೇಡಿ. ಮಂಗಳೂರಿನಲ್ಲಿ ಅದು ಸರಿ. ಬೆಂಗಳೂರು, ಹಾಸನದ ಎತ್ತರದಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. 185 ಬರಬೇಕಾದ ಕಡೆ 200 ಓಮ್ ಬಂತು ಅಂತ ನಾನು ಹೊಸ ಸೆನ್ಸರನ್ನೇ ಅಂಗಡಿಗೆ ವಾಪಸ್ ಕೊಡೋಕೆ ಹೊರಟಿದ್ದೆ.

ಒಂದೊಂದು ಡಿಗ್ರಿಗೂ ಲೆಕ್ಕ ಕರಾರುವಾಕ್ಕಾಗಿ ಬರಬೇಕಾಗಿಲ್ಲ. ನೀರು ಬಿಸಿಯಾಗ್ತಾ ಓಮ್ ನುಣ್ಣಗೆ ಇಳೀತಾ ಹೋಗಬೇಕು, ಅದು ಮುಖ್ಯ. ನಡುವೆ ಎಲ್ಲಾದರೂ ಹಾರಿದರೆ, ಸೆನ್ಸರ್ ಮೇಲೆ ಬೆರಳಲ್ಲಿ ತಟ್ಟಿದಾಗ ಬದಲಾದರೆ, ಒಳಗೆ ಬಿರುಕಿದೆ. ಓಡುವಾಗ ಆಗಾಗ ಮಿಸ್ಸಿಂಗ್ ಬಂದು ಗ್ಯಾರೇಜಿಗೆ ಹೋದಾಗ ಸರಿಯಾಗಿಬಿಡುವ ಗಾಡಿಯ ಕಥೆ ಎಷ್ಟೋ ಸಲ ಇದು.

ಮುಳ್ಳು ಕೆಂಪಿಗೆ ಹೋಯಿತು

ಇಲ್ಲಿ ಸೆನ್ಸರ್ ಮೇಲೆ ಅನುಮಾನ ಪಡುವ ಹೊತ್ತಲ್ಲ. ಮೊದಲು ನಂಬಿ. ಏಸಿ ಇದ್ದರೆ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಆನ್ ಮಾಡಿ, ಜಾಗ ನೋಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಶಿರಾಡಿ ಘಾಟಿ ಮಧ್ಯೆ ಇದ್ದೀನಿ, ಇನ್ನೆರಡು ಕಿಲೋಮೀಟರ್ ಎಳೆದುಬಿಡ್ತೀನಿ ಅನ್ನಬೇಡಿ. ಸಿಲಿಂಡರ್ ಹೆಡ್ ಬಗ್ಗೋಕೆ ಅಷ್ಟು ದೂರ ಸಾಕು. ಹಾಗೇ ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ.

ಅರ್ಧ ಮುಕ್ಕಾಲು ಗಂಟೆ ಬಿಟ್ಟು ನೋಡಿ. ಕೂಲೆಂಟ್ ಕಡಿಮೆ ಇದ್ದರೆ ಎಲ್ಲಿ ಸೋರಿದೆ ಹುಡುಕಿ. ನೀರು ಪೂರ್ತಿ ಖಾಲಿಯಾಗಿದ್ದರೆ ಸೆನ್ಸರ್ ನೀರಿನಲ್ಲಿರುವುದಿಲ್ಲ, ಗಾಳಿ, ಆವಿಯಲ್ಲಿ ನೇತಾಡುತ್ತಿರುತ್ತದೆ. ಆಗ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೆ ಬಂದುಬಿಡಬಹುದು. ಕೆಂಪಿಗೆ ಹೋದ ಮುಳ್ಳು ತಾನಾಗಿಯೇ ದಿಢೀರ್ ಇಳಿದರೆ ಅದನ್ನು ನೋಡಿ ಖುಷಿ ಪಡಬೇಡಿ.

ಈ ಮೂರರಲ್ಲಿ ಒಂದು ಕಂಡರೂ ಕೈ ಹಚ್ಚಬೇಡಿ, ಟೋ ಮಾಡಿಸಿ ಗ್ಯಾರೇಜಿಗೆ ಕೊಡಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ. ಎಂಜಿನ್ ಓಡುವಾಗ ಕೂಲೆಂಟ್ ಡಬ್ಬದಲ್ಲಿ ನಿಲ್ಲದೆ ಗುಳ್ಳೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ನಿಲ್ಲದ ಬಿಳಿ ಹೊಗೆ. ಇದು ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರ್ ಹೆಡ್ ಕೆಳಗಿನ ಸೀಲ್, ಹೋದ ಲಕ್ಷಣ. ಮಲೆನಾಡಿನ ಚಳಿ ಬೆಳಿಗ್ಗೆ ಐದು ನಿಮಿಷ ಬರುವ ಬಿಳಿ ಆವಿಗೆ ಹೆದರಬೇಕಾಗಿಲ್ಲ, ಅದು ಎಲ್ಲ ಗಾಡಿಗೂ ಬರುತ್ತದೆ.

ಆ ರೆಸಿಸ್ಟರ್ ವಿಷಯ

ಸೆನ್ಸರ್ ವೈರ್‌ಗೆ ರೆಸಿಸ್ಟರ್ ಸೇರಿಸುವ ಉಪಾಯ ಹೊಸದಲ್ಲ. ಅಮೆರಿಕದಲ್ಲಿ 1975ರಿಂದ ಬಾಷ್ ಎಲ್-ಜೆಟ್ರಾನಿಕ್ ಇಂಜೆಕ್ಷನ್ ಜೊತೆ ಬಂದ ಫೋಕ್ಸ್‌ವ್ಯಾಗನ್ ಬಸ್ ಅನ್ನೋ ವ್ಯಾನ್‌ಗಳನ್ನು ಇಟ್ಟುಕೊಂಡವರು ಇದನ್ನು ಮಾಡುತ್ತಾರೆ. ಅದು ಗಾಳಿಯಿಂದ ತಣಿಯುವ ಎಂಜಿನ್, ಸೆನ್ಸರ್ ಸಿಲಿಂಡರ್ ಹೆಡ್‌ಗೇ ಚುಚ್ಚಿರುತ್ತದೆ, ಕೂಲೆಂಟ್ ಇಲ್ಲ, ಬಹುಪಾಲು ಬಸ್‌ಗಳಲ್ಲಿ ಹೊಗೆ ನೋಡಿ ಪೆಟ್ರೋಲ್ ತಿದ್ದಲು ನೆರವಾಗುವ ಆಕ್ಸಿಜನ್ ಸೆನ್ಸರೂ ಇರಲಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಸ್ವಲ್ಪ ಹೆಚ್ಚಿಸಲು ಅಲ್ಲಿ ಅದೊಂದು ದಾರಿ. ಅದನ್ನು ಹಾಗೇ ಎತ್ತಿ ಓಮ್ನಿಗೆ ತಂದರೆ ಏನಾಗುತ್ತದೆ ನೋಡಿ.

20 ಡಿಗ್ರಿಯಲ್ಲಿ ಸೆನ್ಸರ್ 2450 ಓಮ್, ಜೊತೆಗೆ 330, ಒಟ್ಟು 2780. ಇಸಿಎಂಗೆ ಅದು 17 ಡಿಗ್ರಿ. ವ್ಯತ್ಯಾಸ ಗೊತ್ತೇ ಆಗಲ್ಲ. ಅಂದರೆ ಬೆಳಗಿನ ಸ್ಟಾರ್ಟಿಂಗ್‌ಗೆ ಇದರಿಂದ ಏನೂ ಉಪಯೋಗ ಇಲ್ಲ. 80 ಡಿಗ್ರಿಯಲ್ಲಿ ಸೆನ್ಸರ್ 320, ಜೊತೆಗೆ 330, ಒಟ್ಟು 650. ಇಸಿಎಂಗೆ 57, 58 ಡಿಗ್ರಿ. ಚೋಕ್ ಅರ್ಧ ಎಳೆದುಕೊಂಡೇ ದಿನವಿಡೀ ಓಡಿಸಿದ ಹಾಗೆ.

ಇನ್ನು 100 ಡಿಗ್ರಿಗೆ ಬನ್ನಿ. 185 ಜೊತೆಗೆ 330, ಒಟ್ಟು 515. ಇಸಿಎಂ ಲೆಕ್ಕಕ್ಕೆ 64 ಡಿಗ್ರಿ. ಫ್ಯಾನ್ ಆನ್ ಮಾಡುವುದು ಇದೇ ಇಸಿಎಂ ಆಗಿದ್ದರೆ ನೀರು ಕುದಿದರೂ ಫ್ಯಾನ್ ತಿರುಗುವುದಿಲ್ಲ. ಅದಕ್ಕೇ ಆ ಬಿಳಿ ಸ್ವಿಚ್. ಮೊದಲು ಯಾರೋ ರೆಸಿಸ್ಟರ್ ಹಾಕಿದರು, ಗಾಡಿ ಬಿಸಿಯಾಗೋಕೆ ಶುರುವಾಯಿತು, ಇನ್ಯಾರೋ ಫ್ಯಾನ್‌ಗೆ ನೇರ ಸ್ವಿಚ್ ಹಾಕಿಕೊಟ್ಟರು. ಅದೂ ರಿಲೇ ಇಲ್ಲದೆ, ಫ್ಯೂಸ್ ಇಲ್ಲದೆ. ಸ್ವಿಚ್ ಹಿಂದಿನ ಪ್ಲಾಸ್ಟಿಕ್ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು.

ಪ್ಯಾರಲಲ್ ಆಗಿ, ಅಂದರೆ ಸೆನ್ಸರ್‌ನ ಎರಡು ವೈರ್ ನಡುವೆ ಅಡ್ಡಲಾಗಿ, ಹಾಕಿದರೆ ಉಲ್ಟಾ, ತಣ್ಣಗಿನ ಎಂಜಿನ್ ಬಿಸಿ ಕಾಣುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಅದೂ ಬೇಡ.

ರೆಸಿಸ್ಟರ್ ಕಿತ್ತು ವೈರ್ ನೇರ ಸೇರಿಸಿದೆ. ಮೈಲೇಜ್ ಏರಿತು, ಫ್ಯಾನ್ ತಾನಾಗಿಯೇ ಓಡಿತು. ಆದರೆ ಸಕಲೇಶಪುರದ ಕಡೆ ಏರು ಬಂದಾಗ ಗಾಡಿ ಜರ್ಕ್ ಹೊಡೆಯಲು ಶುರು ಮಾಡಿತು. ಆಗ ಅರ್ಥವಾಯಿತು ಆ ರೆಸಿಸ್ಟರ್ ಯಾಕೆ ಬಂದಿತ್ತು ಅಂತ. ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿತ್ತು. ಏರಿನಲ್ಲಿ ಬೇಕಾದಷ್ಟು ಪೆಟ್ರೋಲ್ ಬರುತ್ತಿರಲಿಲ್ಲ. ಫಿಲ್ಟರ್ ಬದಲಾಯಿಸುವ ಬದಲು ಸೆನ್ಸರ್‌ಗೆ ಸುಳ್ಳು ಹೇಳಿಸಿ ಪೆಟ್ರೋಲ್ ಜಾಸ್ತಿ ಮಾಡಿಸಿದ್ದರು. ಹೊಸ ಫಿಲ್ಟರ್ ಹಾಕಿದ ಮೇಲೆ ಜರ್ಕ್ ಹೋಯಿತು.

ರೆಸಿಸ್ಟರ್‌ಗೆ ನ್ಯಾಯವಾದ ಒಂದು ಕೆಲಸ ಇದೆ, ಪರೀಕ್ಷೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಥವಾ ನಿಮ್ಮೂರಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ 2.2 ಕಿಲೋ ಓಮ್‌ದು ಒಂದು, 330 ಓಮ್‌ದು ಒಂದು ತನ್ನಿ. ಸೆನ್ಸರ್ ಬದಲು ಕನೆಕ್ಟರ್‌ಗೆ 2.2 ಕಿಲೋ ಸಿಕ್ಕಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿ. ಒಂದೇ ಸೆಲ್ಫ್‌ಗೆ ಹತ್ತಿದರೆ ತಪ್ಪು ಸೆನ್ಸರ್‌ನದ್ದೇ. ಬಿಸಿ ಎಂಜಿನ್‌ಗೆ 330 ಸಿಕ್ಕಿಸಿದಾಗ ಕಪ್ಪು ಹೊಗೆ ನಿಂತರೂ ಅದೇ ಉತ್ತರ. ಎರಡು ನಿಮಿಷ ನಿಂತ ಜಾಗದಲ್ಲೇ ನೋಡಿ ತೆಗೆದುಬಿಡಿ. ಸಿಕ್ಕಿಸಿಕೊಂಡು ರಸ್ತೆಗೆ ಹೋಗಬೇಡಿ, ಫ್ಯಾನ್ ವಿಷಯ ಈಗ ಗೊತ್ತಿದೆಯಲ್ಲ.

ಹೊಸ ಸೆನ್ಸರ್ ಹಾಕುವುದಾದರೆ ಹಳೆಯದನ್ನು ಜೇಬಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಬೆಂಗಳೂರಿನ ಜೆಸಿ ರೋಡ್‌ನಂಥ ಕಡೆ ನೋಡೋಕೆ ಒಂದೇ ಥರ ಇರುವ ಹತ್ತು ಸೆನ್ಸರ್ ಸಿಗುತ್ತವೆ, ಚೂಡಿ ಕೂತರೂ ಓಮ್ ಬೇರೆ ಇರಬಹುದು. ಕೌಂಟರ್ ಮೇಲೇ ಮಲ್ಟಿಮೀಟರ್ ಇಟ್ಟು ಅಳೆಯಿರಿ. ಅಂಗಡಿಯೊಳಗೆ 28, 30 ಡಿಗ್ರಿ ಇದ್ದರೆ 1.6, 1.8 ಕಿಲೋ ಹತ್ತಿರ ಬರಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಳೆಯದನ್ನು ಬಿಚ್ಚಿ, ವಾಷರ್ ಹೊಸದು ಹಾಕಿ, ಕೈಯಲ್ಲೇ ಪೂರ್ತಿ ತಿರುಗಿಸಿ ಕೊನೆಗಷ್ಟೇ ಸ್ಪ್ಯಾನರ್ ಕೊಡಿ. ಅಲ್ಯೂಮಿನಿಯಂ ಚೂಡಿ ಜಾಸ್ತಿ ಬಿಗಿ ತಡೆಯೋಲ್ಲ. ಸೋರಿದ ಕೂಲೆಂಟ್ ತುಂಬಿಸಿ, ಮುಚ್ಚಳ ತೆಗೆದೇ ಐಡಲ್‌ನಲ್ಲಿ ಓಡಿಸಿ ಗುಳ್ಳೆ ನಿಲ್ಲುವವರೆಗೆ ಬಿಡಿ, ನೀರು ಬಿಸಿಯೇರಿ ಉಕ್ಕುವ ಮೊದಲೇ ಮುಚ್ಚಿ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಮುಚ್ಚಳ ತೆಗೆದು ಮಟ್ಟ ನೋಡಿ. ನನ್ನದರಲ್ಲಿ ಅರ್ಧ ಲೋಟ ಇಳಿದಿತ್ತು.